ಎಂಟನೇ ಗಂಟೆಯ ಬಲೆ

"ಮೇಷ್ಟ್ರೇ, ನಿಜವಾದ ಚಿತ್ರವನ್ನು ತೋರಿಸಿದರೆ ಅದು ಸುಳ್ಳು ಹೇಗಾಗುತ್ತದೆ?" ಎಂದು ಇಂದುಧರ ಕೇಳಿದ.

ಇಂದುಧರ ಪ್ರಯೋಗಶಾಲೆಯಲ್ಲಿ ರಕ್ತನಾಳ ಬೆಳೆಸುವ ಕೆಲಸ ಮಾಡುತ್ತಿದ್ದ. ಆ ಕೆಲಸವನ್ನು ಅವನಿಗೆ ಕಲಿಸಿದವರು ತಿಪ್ಪೇಸ್ವಾಮಿ ಮೇಷ್ಟ್ರು. ನಿವೃತ್ತಿಯಾಗಿ ಆರು ವರ್ಷವಾಗಿದ್ದರೂ ಮೇಷ್ಟ್ರು ವಾರಕ್ಕೆ ಎರಡು ದಿನ ಬಂದು, ಶಿಷ್ಯರು ಕೋಶ ಬೆಳೆಸುವ ತಟ್ಟೆಗಳನ್ನು ಒಂದೊಂದಾಗಿ ನೋಡಿ, ಬೈಯುವಷ್ಟು ಬೈದು ಹೋಗುತ್ತಿದ್ದರು. ಬೈಸಿಕೊಂಡವರೂ ಸಂದೇಹ ಬಂದಾಗ ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು.

ಇಂದುಧರ ತನ್ನ ಸಂಗತಿಯನ್ನು ವಿವರಿಸಿದ. ಅವನ ಬಳಿ ಎರಡು ಬಗೆಯ ತಟ್ಟೆಗಳಿದ್ದವು. ಮೊದಲನೆಯದರಲ್ಲಿ ಒಂದೇ ಬಗೆಯ ಜೀವಕೋಶ. ರಕ್ತನಾಳದ ಒಳಮೈಗೆ ಹಾಸಿಕೊಂಡಿರುವಂಥದ್ದು. ಅದನ್ನು ಜೆಲ್ಲಿನ ಮೇಲೆ ಬಿತ್ತಿದರೆ ಎಂಟು ಗಂಟೆಯೊಳಗೆ ಕೋಶಗಳು ಒಂದಕ್ಕೊಂದು ಕೂಡಿಕೊಂಡು ಬಲೆಯಾಗುತ್ತವೆ. ನೋಡಲು ಬಹಳ ಚೆಂದ. ಮರುದಿನದ ಹೊತ್ತಿಗೆ ಆ ಬಲೆ ಹರಿದುಹೋಗುತ್ತದೆ. ಎರಡನೆಯ ತಟ್ಟೆಯಲ್ಲಿ ಅದೇ ಕೋಶದ ಜೊತೆಗೆ ಚರ್ಮದಿಂದ ತೆಗೆದ ಆಸರೆಯ ಕೋಶವನ್ನೂ ಬೆರೆಸಿದ್ದ. ಅದರಲ್ಲಿ ಬಲೆ ಮೂಡಲು ಹನ್ನೆರಡು ದಿನ ಬೇಕು. ಮೂಡಿದ್ದೂ ಸೊಟ್ಟಪಟ್ಟ. ಆದರೆ ಅದು ಹರಿಯುವುದಿಲ್ಲ.

"ಪ್ರಬಂಧಕ್ಕೆ ಎಂಟನೇ ಗಂಟೆಯ ಚಿತ್ರ ಹಾಕಬೇಕೆಂದಿದ್ದೇನೆ. ಅದನ್ನು ನಾನು ತಿದ್ದಿಲ್ಲ. ಬಣ್ಣ ಹೆಚ್ಚಿಸಿಲ್ಲ. ಎಂಟನೇ ಗಂಟೆ ಎಂದು ಕೆಳಗೆ ಬರೆಯುತ್ತೇನೆ. ಮರುದಿನ ಅದು ಹರಿಯುವುದನ್ನು ನಾನು ಹತ್ತು ಸಲ ನೋಡಿದ್ದೇನೆ, ನಿಜ. ಆದರೆ ಮರುದಿನದ ವಿಷಯ ಯಾರೂ ಕೇಳುವುದಿಲ್ಲ. ಕೇಳದೆ ಇದ್ದದ್ದನ್ನು ಹೇಳದೆ ಇದ್ದರೆ ತಪ್ಪೇ?" ಎಂದ.

ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕ ತೆಗೆದರೆ ಅವರಿಗೆ ಸಿಟ್ಟು ಬಂದಿದೆ ಎಂದು ಇಡೀ ವಿಭಾಗಕ್ಕೆ ಗೊತ್ತಿತ್ತು.

"ಕೂತ್ಕೊ. ಉತ್ತರ ಹೇಳಿದರೆ ನೀನು ವಾದಕ್ಕೆ ನಿಲ್ಲುತ್ತೀಯ. ಅದಕ್ಕೆ ಕತೆ ಹೇಳುತ್ತೇನೆ. ಬಾಯಿ ಮುಚ್ಚಿಕೊಂಡು ಕೇಳು" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ವಿಜ್ಞಾನಿ ಇದ್ದ. ಯಾವ ಊರು ಎಂದು ಕೇಳಬೇಡ. ಎಲ್ಲ ಊರಿನಲ್ಲೂ ಇದ್ದಾನೆ. ಅವನೂ ನಿನ್ನ ಹಾಗೆ ರಕ್ತನಾಳ ಬೆಳೆಸುವವನು. ಬುದ್ಧಿವಂತ. ಕೈ ಚುರುಕು. ಹೆರಿಗೆ ಆಸ್ಪತ್ರೆಯಿಂದ ಬಂದ ಹೊಕ್ಕುಳಬಳ್ಳಿಯಿಂದ ಒಳಮೈ ಕೋಶಗಳನ್ನು ಅವನಷ್ಟು ಶುದ್ಧವಾಗಿ ಬಿಡಿಸುವವರು ಇನ್ನೊಬ್ಬರಿರಲಿಲ್ಲ. ಇದನ್ನೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಅವನು ಕಳ್ಳನಲ್ಲ. ಕಳ್ಳನಾಗಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಅವನ ಪ್ರಯೋಗಶಾಲೆಯಲ್ಲಿ ಒಂದು ರೂಢಿ ಇತ್ತು. ಬೆಳಗ್ಗೆ ಒಂಬತ್ತಕ್ಕೆ ಕೋಶ ಬಿತ್ತುವುದು. ಸಂಜೆ ಐದಕ್ಕೆ ಫೋಟೊ ತೆಗೆಯುವುದು. ಆ ಐದು ಗಂಟೆಗೆ ಅಲ್ಲಿನವರು ಮುಹೂರ್ತ ಎಂದು ಹೆಸರಿಟ್ಟಿದ್ದರು. ಅರ್ಧ ಗಂಟೆ ಮೊದಲಾದರೆ ಬಲೆ ಪೂರ್ತಿ ಕೂಡಿರುವುದಿಲ್ಲ. ಎರಡು ಗಂಟೆ ತಡವಾದರೆ ಅಲ್ಲಲ್ಲಿ ತೆಳ್ಳಗಾಗುತ್ತದೆ. ಮುಹೂರ್ತದಲ್ಲಿ ಫೋಟೊ ತೆಗೆದರೆ ಬಣ್ಣ ಹಾಕಿದ ಬಲೆ ಹಸಿರಾಗಿ ಹೊಳೆಯುತ್ತದೆ, ಒಂದು ಎಳೆಯೂ ತಪ್ಪಿರುವುದಿಲ್ಲ. ಐದಕ್ಕೆ ಫೋಟೊ. ಐದೂವರೆಗೆ ತಟ್ಟೆಗೆ ಬ್ಲೀಚ್ ಸುರಿದು ಸಿಂಕಿಗೆ. ಆರಕ್ಕೆ ಮನೆಗೆ.

ಅರ್ಥವಾಯಿತೇನಯ್ಯಾ? ಫೋಟೊ ಆದ ಮೇಲೆ ಆ ತಟ್ಟೆಯನ್ನು ಯಾರೂ ನೋಡುತ್ತಿರಲಿಲ್ಲ. ನೋಡಲು ತಟ್ಟೆಯೇ ಇರುತ್ತಿರಲಿಲ್ಲ. ಇಷ್ಟು ವರ್ಷ ಆ ಕೆಲಸ ಮಾಡಿದವನು ಒಂದು ದಿನವಾದರೂ ಮರುದಿನದ ಬಲೆಯನ್ನು ಕಂಡವನಲ್ಲ. ತಾಳಿ ಕಟ್ಟುವ ಫೋಟೊ ನೋಡಿಕೊಂಡು ಸಂಸಾರ ಚೆನ್ನಾಗಿ ನಡೆದಿದೆ ಎಂದು ಬರೆದುಕೊಟ್ಟ ಹಾಗಾಯಿತು.

ಒಂದು ಸಲ ಅವನು ಎರಡು ಬಗೆಯ ಕೋಶ ಬೆರೆಸಿಯೂ ನೋಡಿದ. ನೀನು ಮಾಡಿದ್ದನ್ನೇ ಮಾಡಿದ. ಮೊದಲ ದಿನ ಸಂಜೆ ಐದಕ್ಕೆ ನೋಡಿದರೆ ಅದರಲ್ಲಿ ಬಲೆ ಇರಲಿಲ್ಲ. ಎರಡನೇ ದಿನವೂ ಇರಲಿಲ್ಲ. ಮೂರನೇ ದಿನ ಕೋಶಗಳು ಗುಂಪುಗುಂಪಾಗಿ ಕೂತಿದ್ದವು. ಮಸುಕು ಮಸುಕು. ಆಸರೆಯ ಕೋಶಕ್ಕೆ ಹೊಳೆಯುವ ಬಣ್ಣ ಹಾಕಿರಲಿಲ್ಲವಾದ್ದರಿಂದ ಅರ್ಧ ಚಿತ್ರ ಕತ್ತಲೆಯಾಗಿ ಬಂತು. ಇದು ಕೆಲಸಕ್ಕೆ ಬರುವುದಿಲ್ಲ ಎಂದು ಅವನು ಅದಕ್ಕೂ ಬ್ಲೀಚ್ ಸುರಿದ. ಹನ್ನೆರಡು ದಿನ ಕಾಯಬೇಕಾದದ್ದಕ್ಕೆ ಮೂರು ದಿನ ಕೊಟ್ಟ. ಮೂರು ದಿನದಲ್ಲಿ ಹಾಲು ಮೊಸರಾದೀತು, ರಕ್ತನಾಳ ಆಗುತ್ತದೆಯೇ?

ಮುಹೂರ್ತದ ಚಿತ್ರ ಪ್ರಬಂಧವಾಯಿತು. ಪ್ರಬಂಧ ಪತ್ರಿಕೆಯ ಮುಖಪುಟವಾಯಿತು. ಜನ ಹೊಗಳಿದರು. ಕೆಳಗೆ ಸಣ್ಣ ಅಕ್ಷರದಲ್ಲಿ ಎಂಟನೇ ಗಂಟೆ ಎಂದಿತ್ತು. ಯಾರೂ ಅದನ್ನು ಓದಿ, ಒಂಬತ್ತನೇ ಗಂಟೆಗೆ ಏನಾಯಿತು ಎಂದು ಕೇಳಲಿಲ್ಲ.

ಅದೇ ಊರಿನ ಆಸ್ಪತ್ರೆಯಲ್ಲಿ ಒಬ್ಬ ವೈದ್ಯೆ ಇದ್ದಳು. ಸುಟ್ಟ ಗಾಯಗಳಿಗೆ ಚರ್ಮ ಕಸಿ ಮಾಡುವವಳು. ಅವಳ ಬಳಿಗೆ ಒಬ್ಬ ಹೆಂಗಸು ಬಂದಳು. ಬಸ್ ನಿಲ್ದಾಣದ ಎದುರು ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುವವಳು. ಕಾದ ಎಣ್ಣೆಯ ಬಾಣಲೆ ಮಗುಚಿ ಬಲಗೈ ಹಿಂಬದಿ ಪೂರ್ತಿ ಸುಟ್ಟಿತ್ತು. ಚರ್ಮ ಹೋಗಿತ್ತು. ಬೆರಳು ಚಾಚಿಸುವ ಹುರಿಗಳು ಹೊರಗೆ ಕಾಣುತ್ತಿದ್ದವು. ಅಂಥ ಜಾಗದ ಮೇಲೆ ಬರೀ ಚರ್ಮ ಹಚ್ಚಿದರೆ ಅದು ಹಿಡಿಯುವುದಿಲ್ಲ. ಕೆಳಗೆ ರಕ್ತ ಹರಿಯುವ ದಾರಿ ಇರಬೇಕು. ರಕ್ತ ಬಾರದಿದ್ದರೆ ಮೇಲಿನ ಚರ್ಮವೂ ಸಾಯುತ್ತದೆ, ಕೆಳಗಿನ ಹುರಿಯೂ ಒಣಗುತ್ತದೆ.

ಇದಕ್ಕೆ ಹಳೆಯ ವಿಧಾನವೊಂದಿದೆ. ಕೆಳಹೊಟ್ಟೆಯ ಚರ್ಮವನ್ನು ಒಂದು ಬದಿ ಬಿಡಿಸಿ, ಸುಟ್ಟ ಕೈಯನ್ನು ಅಲ್ಲಿಗೇ ಒಯ್ದು ಹೊಲಿದುಬಿಡುತ್ತಾರೆ. ಮೂರು ವಾರ ಕೈ ಹೊಟ್ಟೆಗೆ ಅಂಟಿಕೊಂಡೇ ಇರಬೇಕು. ಅಷ್ಟರಲ್ಲಿ ಕೈಯಿಂದ ಹೊಸ ನಾಳಗಳು ಆ ಚರ್ಮದೊಳಕ್ಕೆ ಬೆಳೆಯುತ್ತವೆ. ಆಮೇಲೆ ಬಿಡಿಸುತ್ತಾರೆ. ನೋವು ಇದೆ. ನಾಚಿಕೆಯೂ ಇದೆ. ತಲೆ ಬಾಚಲು, ಸೀರೆ ಸರಿಮಾಡಲು, ಬಚ್ಚಲಿಗೆ ಹೋಗಲು ಇನ್ನೊಬ್ಬರ ಕೈ ಬೇಕು. ಆದರೆ ಅದು ಬಹಳ ಕೈಗಳನ್ನು ಉಳಿಸಿದ ವಿಧಾನ.

ವೈದ್ಯೆ ಇದನ್ನೆಲ್ಲ ಬಿಡಿಸಿ ಹೇಳಿದಳು. ಬಜ್ಜಿಯವಳು ಪೂರ್ತಿ ಕೇಳಿಸಿಕೊಂಡಳು.

"ಮೂರು ವಾರ ತಾನೇ ಅಮ್ಮಾ, ಇರ್ತೀನಿ ಬಿಡಿ. ನಂಗೆ ಬೆರಳು ಬಿಚ್ಚೋಕೆ ಬಂದರೆ ಸಾಕು. ಬೆರಳು ಬಿಚ್ಚಿದರೆ ತಾನೇ ಬಜ್ಜಿ ಎಣ್ಣೆಗೆ ಬೀಳೋದು" ಎಂದಳು.

ಅವಳು ಒಪ್ಪಿದ್ದಳು, ಇಂದುಧರ. ಇದನ್ನು ಮರೆಯಬೇಡ. ಕಷ್ಟದ ದಾರಿಗೆ, ನಾಚಿಕೆಯ ದಾರಿಗೆ, ಅವಳು ಒಂದು ಮಾತಿನಲ್ಲಿ ಒಪ್ಪಿದ್ದಳು. ಯಾರೂ ಅವಳನ್ನು ಪುಸಲಾಯಿಸಬೇಕಾಗಿರಲಿಲ್ಲ.

ಆ ವಾರವೇ ವೈದ್ಯೆಯ ಕಣ್ಣಿಗೆ ಆ ಮುಖಪುಟ ಬಿತ್ತು. ಹಸಿರು ಬಲೆ. ಒಂದು ಎಳೆಯೂ ತಪ್ಪಿಲ್ಲ. ಇಂಥ ಬಲೆಯ ಹಾಳೆಯೊಂದನ್ನು ಗಾಯದ ಮೇಲೆ ಹಾಸಿ ಅದರ ಮೇಲೆ ಚರ್ಮ ಹಚ್ಚಿದರೆ, ಅಂಚಿನಿಂದ ಮೈಯ ನಾಳಗಳು ಬಂದು ಇದರ ನಾಳಗಳಿಗೆ ಕೂಡಿಕೊಳ್ಳುತ್ತವೆ. ಅದಕ್ಕೆ ಐದಾರು ದಿನ ಬೇಕು. ಐದಾರು ದಿನ ಬಲೆ ನಿಂತರೆ ಕೈಯನ್ನು ಹೊಟ್ಟೆಗೆ ಹೊಲಿಯಬೇಕಾದ ಅಗತ್ಯವೇ ಇಲ್ಲ. ಪಾಪ, ಆ ಹೆಂಗಸಿಗೆ ಮೂರು ವಾರದ ಹಿಂಸೆ ತಪ್ಪುತ್ತದಲ್ಲ ಎಂದು ವೈದ್ಯೆ ಯೋಚಿಸಿದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಳು ವಿಜ್ಞಾನಿಗೆ ಫೋನ್ ಮಾಡಿದಳು.

"ನಿಮ್ಮ ಬಲೆ ಆರು ದಿನ ನಿಲ್ಲುತ್ತದೆಯೇ?" ಎಂದು ಕೇಳಿದಳು.

"ಅದು ಹರಿದದ್ದನ್ನು ನಾನು ನೋಡಿಲ್ಲ" ಎಂದ ವಿಜ್ಞಾನಿ.

ಎಂಥ ಮಾತು ನೋಡು! ಹರಿದದ್ದನ್ನು ನೋಡಿಲ್ಲವಂತೆ. ಎಲ್ಲಿಂದ ನೋಡಬೇಕು? ಐದೂವರೆಗೆ ಸಿಂಕಿಗೆ ಸುರಿದವನು ಏನನ್ನು ನೋಡುತ್ತಾನೆ? ಅವನು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳುವ ಪ್ರಸಂಗವೇ ಬಾರದಂತೆ ಏರ್ಪಾಡು ಮಾಡಿಕೊಂಡಿದ್ದ. ನಿಂತದ್ದನ್ನೂ ನಾನು ನೋಡಿಲ್ಲ ಎಂದು ಇನ್ನೊಂದು ಮಾತು ಸೇರಿಸಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಆ ಒಂದು ಮಾತಿಗೆ ಒಬ್ಬಳ ದುಡಿಯುವ ಕೈ ಉಳಿಯುತ್ತಿತ್ತು. ಇದನ್ನು ಹೇಳುವಾಗ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಹೊಸ ಚಿಕಿತ್ಸೆಯಾದ್ದರಿಂದ ಸಮಿತಿಯ ಅನುಮತಿ ಬೇಕಿತ್ತು. ಸಮಿತಿ ಕೂಡಿತು. ಏಳು ಜನ ದೊಡ್ಡವರು. ಏಳೂ ಜನ ಚಿತ್ರ ನೋಡಿದರು. ಚಿತ್ರವನ್ನು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ನೋಡಿದರು. ಚೆನ್ನಾಗಿದೆ ಎಂದರು. ಕಾಫಿ ಕುಡಿದರು. ಸಹಿ ಹಾಕಿದರು. ತಟ್ಟೆ ತಂದು ತೋರಿಸಿ, ಎರಡು ದಿನ ಇಲ್ಲೇ ಇಟ್ಟು ನೋಡೋಣ ಎನ್ನುವ ಒಂದು ನಾಲಿಗೆ ಆ ಏಳು ಜನರಲ್ಲಿ ಇರಲಿಲ್ಲ.

ವೈದ್ಯೆ ಬಜ್ಜಿಯವಳಿಗೆ ಹೊಸ ವಿಷಯ ಹೇಳಿದಳು. ಹೊಟ್ಟೆಗೆ ಹೊಲಿಯುವುದು ಬೇಡ, ಹೊಸ ವಿಧಾನವಿದೆ, ಮೊದಲ ಸಲ ಮಾಡುತ್ತಿದ್ದೇವೆ ಎಂದಳು. ಚಿತ್ರವನ್ನೂ ತೋರಿಸಿದಳು. ಬಜ್ಜಿಯವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಅದರಲ್ಲಿ ಏನು ತಿಳಿಯಬೇಕು? ನೀವು ಹೇಳಿದ ಹಾಗೆ ಅಮ್ಮಾ ಎಂದು ಎಡಗೈ ಹೆಬ್ಬೆಟ್ಟು ಒತ್ತಿದಳು.

ಸೋಮವಾರ ಮಧ್ಯಾಹ್ನ ಹಾಳೆ ಹಾಸಿ ಮೇಲೆ ಚರ್ಮ ಹಚ್ಚಿದರು. ಮಂಗಳವಾರ ಚರ್ಮ ಗುಲಾಬಿ ಬಣ್ಣದಲ್ಲಿತ್ತು. ಎಲ್ಲರೂ ನಕ್ಕರು. ಬುಧವಾರ ಬಿಳಿಚಿಕೊಂಡಿತು. ಗುರುವಾರ ಒಂದು ಅಂಚು ಕಪ್ಪಾಯಿತು. ಶುಕ್ರವಾರದ ಹೊತ್ತಿಗೆ ಪೂರ್ತಿ ಕಪ್ಪು. ಕೆಳಗೆ ಕೀವು. ವೈದ್ಯೆ ಎಲ್ಲವನ್ನೂ ಕಿತ್ತು ತೊಳೆದು ನೋಡಿದಳು. ನಾಲ್ಕು ಬೆರಳಿನ ಹುರಿಗಳು ಸತ್ತಿದ್ದವು. ಸತ್ತ ಹುರಿಯನ್ನು ಕತ್ತರಿಸಿ ಹಾಕುವುದಲ್ಲದೆ ಬೇರೆ ಉಪಾಯವಿರಲಿಲ್ಲ.

ಆಮೇಲೆ ಅವಳು ಹಳೆಯ ವಿಧಾನವನ್ನೇ ಮಾಡಿದಳು. ಕೈಯನ್ನು ಹೊಟ್ಟೆಗೆ ಹೊಲಿದಳು. ಬಜ್ಜಿಯವಳು ಮೂರು ವಾರ ಹಾಗೇ ಇದ್ದಳು. ನೋವು ಅನುಭವಿಸಿದಳು, ನಾಚಿಕೆಯನ್ನೂ ಅನುಭವಿಸಿದಳು. ತಪ್ಪಿಸಹೊರಟ ಹಿಂಸೆಯಲ್ಲಿ ಒಂದು ಚೂರೂ ತಪ್ಪಲಿಲ್ಲ. ಗಾಯ ಮುಚ್ಚಿತು. ಕೈ ಉಳಿಯಿತು. ಬೆರಳುಗಳು ಮಾತ್ರ ಅರ್ಧ ಮಡಿಸಿದ ಹಾಗೆ ನಿಂತುಬಿಟ್ಟವು. ಹಿಡಿಯಬಲ್ಲಳು, ಬಿಡಲಾರಳು. ಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಬೆರಳಿನಲ್ಲೇ ಉಳಿಯುತ್ತಿತ್ತು. ಗಾಡಿಯನ್ನು ತನ್ನ ನಾದಿನಿಗೆ ಬಿಟ್ಟುಕೊಟ್ಟಳು. ಹದಿನೆಂಟು ವರ್ಷ ತಾನು ನಿಂತಿದ್ದ ಜಾಗದಲ್ಲಿ ನಾದಿನಿ ನಿಲ್ಲುವುದನ್ನು ನೋಡಲಾಗದೆ ಬಸ್ ನಿಲ್ದಾಣದ ಕಡೆ ಹೋಗುವುದನ್ನೇ ಬಿಟ್ಟಳು.

ವೈದ್ಯೆ ಪ್ರಯೋಗಶಾಲೆಗೆ ಹೋದಳು. ಜಗಳಕ್ಕೆ ಹೋಗಲಿಲ್ಲ. ಒಂದು ತಟ್ಟೆ ಬಿತ್ತಿ ನನ್ನೆದುರಿಗೆ ಇಡಿ ಎಂದಳು. ವಿಜ್ಞಾನಿ ಬಿತ್ತಿದ. ಸಂಜೆ ಐದಕ್ಕೆ ಇಬ್ಬರೂ ನೋಡಿದರು. ಮುಖಪುಟದಲ್ಲಿದ್ದ ಬಲೆಯೇ. ಅವನು ಅಭ್ಯಾಸಬಲದಿಂದ ಬ್ಲೀಚ್ ಬಾಟಲಿಗೆ ಕೈ ಹಾಕಿದ. ಅವಳು ಆ ಕೈ ತಡೆದಳು. ತಟ್ಟೆಯನ್ನು ಮತ್ತೆ ಬೆಚ್ಚಗಿನ ಪೆಟ್ಟಿಗೆಯೊಳಗೆ ಇಡಿಸಿ, ನಾಳೆ ಬೆಳಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಮುಟ್ಟಬೇಡಿ ಎಂದು ಹೋದಳು.

ಮರುದಿನ ಬೆಳಗ್ಗೆ ಬಲೆ ಇರಲಿಲ್ಲ. ಸರ ಹರಿದು ಮಣಿ ಚೆಲ್ಲಿದ ಹಾಗೆ ಕೋಶಗಳು ಉಂಡೆಯುಂಡೆಯಾಗಿ ಬಿದ್ದಿದ್ದವು. ವಿಜ್ಞಾನಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ಮತ್ತೆ ಇಟ್ಟು ನೋಡಿದ. ಆ ದೃಶ್ಯವನ್ನು ಅವನು ನೋಡಿದ್ದು ಅದೇ ಮೊದಲು. ಮುಖ ಬಿಳಿಚಿಕೊಂಡಿತು. ಆದರೂ ಬಾಯಿ ಸುಮ್ಮನಿರಲಿಲ್ಲ.

"ಚಿತ್ರದ ಕೆಳಗೆ ಎಂಟನೇ ಗಂಟೆ ಎಂದು ಸ್ಪಷ್ಟವಾಗಿ ಬರೆದಿದ್ದೆನಲ್ಲ ಡಾಕ್ಟರೇ" ಎಂದ.

"ಅವಳಿಗೆ ಕೈ ಬೇಕಾಗಿದ್ದದ್ದು ಎಂಟು ಗಂಟೆಗಳ ಮಟ್ಟಿಗಲ್ಲ" ಎಂದಳು ವೈದ್ಯೆ.

ಅಂದಿನಿಂದ ಅವಳು ದಿನಾ ಬೆಳಗ್ಗೆ ಆಸ್ಪತ್ರೆಗೆ ಹೋಗುವ ಮುಂಚೆ ಅಲ್ಲಿಗೆ ಬರತೊಡಗಿದಳು. ಎರಡು ಬಗೆ ಬೆರೆಸಿದ ತಟ್ಟೆಯೊಂದನ್ನು ಬಿತ್ತಿಸಿ ಕಾದಳು. ದಿನ ಬಿಟ್ಟು ದಿನ ಹೊಸ ದ್ರವ ಹಾಕಬೇಕು. ಭಾನುವಾರವೆಂದು ಬಿಡುವ ಹಾಗಿಲ್ಲ, ಹಬ್ಬವೆಂದು ಬಿಡುವ ಹಾಗಿಲ್ಲ. ಮೂರನೇ ದಿನ ಮಸುಕು. ಐದನೇ ದಿನವೂ ಮಸುಕು. ಎಂಟನೇ ದಿನ ಒಂದೆರಡು ಎಳೆ. ಆಸರೆಯ ಕೋಶಗಳು ಆ ಎಳೆಗಳನ್ನು ಹೊರಗಿನಿಂದ ಸುತ್ತಿ ಹಿಡಿದಿದ್ದವು. ಹನ್ನೆರಡನೇ ದಿನ ಬಲೆ ಕೂಡಿತು. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಕೆಲವು ಕವಲು ಎಲ್ಲಿಗೂ ಮುಟ್ಟದೆ ನಿಂತಿದ್ದವು. ಯಾವ ಪತ್ರಿಕೆಯೂ ಮುಖಪುಟಕ್ಕೆ ಹಾಕಿಕೊಳ್ಳುವಂಥದ್ದಲ್ಲ. ಹದಿನೈದನೇ ದಿನ ಇತ್ತು. ಇಪ್ಪತ್ತನೇ ದಿನವೂ ಇತ್ತು. ದ್ರವವನ್ನು ಒಳಗೆ ಹರಿಸಿದರು. ಸೋರಲಿಲ್ಲ.

ಮೂರನೇ ದಿನ ಸಿಂಕಿಗೆ ಸುರಿಯದೆ ಇದ್ದಿದ್ದರೆ, ಇದು ಅವನ ಕೈಯಲ್ಲೇ ಇರುತ್ತಿತ್ತು. ಗಾಯದ ಮೇಲೆ ಹಾಸಲು ಯೋಗ್ಯವೋ ಅಲ್ಲವೋ ಎಂಬುದನ್ನು ಪರೀಕ್ಷಿಸುವುದಕ್ಕಾದರೂ ಏನೋ ಒಂದು ಇರುತ್ತಿತ್ತು. ಅದೂ ಇಲ್ಲದಿದ್ದರೆ, ನನ್ನ ಬಲೆ ನಿಲ್ಲುತ್ತದೋ ಇಲ್ಲವೋ ನನಗೆ ತಿಳಿಯದು ಎಂದಾದರೂ ಅವನು ಹೇಳಬಹುದಿತ್ತು. ಅಷ್ಟು ಹೇಳಿದ್ದರೆ ವೈದ್ಯೆ ಚಿತ್ರವನ್ನು ಮಡಿಸಿ ಪಕ್ಕಕ್ಕಿಟ್ಟು, ಬಜ್ಜಿಯವಳ ಕೈಯನ್ನು ಮೊದಲೇ ಹೊಟ್ಟೆಗೆ ಹೊಲಿಯುತ್ತಿದ್ದಳು. ಅವಳು ಇವತ್ತಿಗೂ ಬಸ್ ನಿಲ್ದಾಣದ ಎದುರು ಬಜ್ಜಿ ಕರಿಯುತ್ತಿದ್ದಳು.

ಆ ವಿಜ್ಞಾನಿಗೆ ಏನಾಯಿತು ಎಂದು ಕೇಳುತ್ತೀಯೇನೋ. ಏನೂ ಆಗಲಿಲ್ಲ. ವಿಚಾರಣೆ ನಡೆಯಿತು. ಚಿತ್ರವನ್ನು ಪರೀಕ್ಷಿಸಿದರು. ತಿದ್ದಿಲ್ಲ, ಬಣ್ಣ ಹೆಚ್ಚಿಸಿಲ್ಲ, ಗಂಟೆಯನ್ನು ಸರಿಯಾಗಿ ನಮೂದಿಸಿದ್ದಾರೆ, ಆದ್ದರಿಂದ ದೋಷವಿಲ್ಲ ಎಂದು ಬರೆದುಕೊಟ್ಟರು. ಅವನು ಆ ಕಾಗದವನ್ನು ಕಡತದಲ್ಲಿ ಇಟ್ಟುಕೊಂಡ. ಬಜ್ಜಿಯವಳ ಮನೆ ಪ್ರಯೋಗಶಾಲೆಯಿಂದ ಎರಡು ಬೀದಿ ಆಚೆ. ಒಂದು ಸಲವೂ ಅಲ್ಲಿಗೆ ಹೋಗಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಸಿಟ್ಟು ಇಳಿದಿರಲಿಲ್ಲ.

ಇಂದುಧರ ತಲೆ ಎತ್ತಿದ. ಕತೆ ಅವನಿಗೆ ತಟ್ಟಿತ್ತು. ಬಜ್ಜಿಯವಳ ಬಗ್ಗೆ ಸಂಕಟವಾಗಿತ್ತು. ಆದರೂ ವಿಜ್ಞಾನಿಯ ಪರವಾಗಿ ಒಂದು ಮಾತು ಉಳಿದಿದೆ ಎಂದು ಅವನಿಗೆ ಅನ್ನಿಸಿತು.

"ಮೇಷ್ಟ್ರೇ, ಅವನು ಮಾಡಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಆದರೆ ಮರುದಿನ ಬಲೆ ಹರಿಯುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲವಲ್ಲ. ಗೊತ್ತಿದ್ದರೆ ಯಾವ ಮನುಷ್ಯನಾದರೂ ಹೇಳದೆ ಇರುತ್ತಾನೆಯೇ?" ಎಂದ.

ಮೇಷ್ಟ್ರು ಕನ್ನಡಕ ಹಾಕಿಕೊಂಡು ಶಿಷ್ಯನ ಮುಖವನ್ನು ನೇರವಾಗಿ ನೋಡಿದರು.

"ಅವನಿಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿದೆ" ಎಂದರು.